ಹುಟ್ಟಿದ ಕೂಸಿಗೂ ಇಲ್ಲದ ಆರೋಗ್ಯ

ಆ ಭಾನುವಾರ ಬೇಗಂಪೇಟೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಮೂವರಿದ್ದೆವು. ಸೋಫಾದ ಮೇಲೆ ನಾನು. ಎದುರಿನ ಕುರ್ಚಿಯಲ್ಲಿ, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ವೀರಣ್ಣ. ನೆಲದ ಮೇಲೆ ಹಳೇ ಪೇಪರು ಹಾಸಿ ಮೆಂತ್ಯದ ಸೊಪ್ಪು ಸೋಸುತ್ತ ನನ್ನ ಹೆಂಡತಿ ಸುಮಿತ್ರಾ. ವೀರಣ್ಣನವರೂ ನಾನೂ ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಗೆ ವರ್ಷಾನುಗಟ್ಟಲೆ ಒಂದೇ ಬಸ್ಸಿನಲ್ಲಿ ಹೋಗಿಬಂದವರು, ಒಂದೇ ವರ್ಷ ನಿವೃತ್ತರಾದವರು. ಆಮೇಲೆ ನಾನು ಪೇಪರು ಓದುವುದನ್ನೇ ಕಸುಬು ಮಾಡಿಕೊಂಡೆ, ಅವರು ವಿಮೆ ಏಜೆಂಟರಾದರು. ಹಳೇ ಕಂಪನಿ ನಿವೃತ್ತರಿಗೂ ಒಂದು ಸಣ್ಣ ಆರೋಗ್ಯ ವಿಮೆ ಕೊಟ್ಟಿದೆ, ಅದು ಇದ್ದಮೇಲೆ ಅದರ ಮೇಲೊಂದು ಟಾಪ್-ಅಪ್ ಪಾಲಿಸಿ ಯಾತಕ್ಕೆ ಎಂದು ನಾನು ಕೇಳಿದಾಗ ವೀರಣ್ಣ, “ಅದು ಚಾದರ ಐತ್ರಿ, ಇದು ಕೌದಿ. ಚಳಿ ಜಾಸ್ತಿ ಆದ್ರ ಚಾದರದ ಮ್ಯಾಲೆ ಕೌದಿ ಹೊದಿಯಂಗಿಲ್ಲೇನು?” ಅಂದರು. ಕೌದಿ ಹೊದ್ದು ಬೆಳೆದವನಿಗೆ ಇದಕ್ಕಿಂತ ಚೆನ್ನಾಗಿ ಯಾರು ತಿಳಿಸಿಯಾರು? ಸುಮ್ಮನೆ ಫಾರಂ ಇಸಿದುಕೊಂಡೆ.

ಫಾರಮ್ಮಿನಲ್ಲಿ ರೋಗಗಳ ದೊಡ್ಡ ಪಟ್ಟಿ. ಪ್ರತಿಯೊಂದರ ಮುಂದೆ ‘ಹೌದು’, ‘ಇಲ್ಲ’ ಎಂದು ಎರಡು ಚೌಕ. ನಾನು ಮೇಲಿಂದ ಕೆಳಗಿನವರೆಗೆ ‘ಇಲ್ಲ’ದ ಸಾಲಿಗೆ ಗುರುತು ಹಾಕುತ್ತ ಹೋದೆ, ಅಂಗಳಕ್ಕೆ ರಂಗೋಲಿ ಚುಕ್ಕಿ ಇಟ್ಟ ಹಾಗೆ. ವೀರಣ್ಣ ಕನ್ನಡಕ ಏರಿಸಿ ನೋಡಿದರು. “ಏನ್ರಿ ಕುಲಕರ್ಣಿಯವರ, ಇದು ನಿಮ್ಮ ಫಾರಮ್ಮೇನು? ಹುಟ್ಟಿದ ಕೂಸಿಗೂ ಇಷ್ಟು ಆರೋಗ್ಯ ಇರಂಗಿಲ್ಲಲ್ರಿ!”

ನಾನು ಮೋಸ ಮಾಡಬೇಕೆಂದು ಬರೆದದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ತಪ್ಪು ನನ್ನ ಅಜ್ಜಿಯದು. ಕಲಬುರ್ಗಿಯ ನಮ್ಮ ಮನೆಯಲ್ಲಿ ರೋಗದ ಹೆಸರು ಹೊಸಲು ದಾಟುವಂತಿರಲಿಲ್ಲ. ಹೊರಗಿನವರು “ಹ್ಯಾಂಗದೀರಿ?” ಎಂದು ಕೇಳಿದರೆ “ಆರಾಮ” ಎನ್ನಬೇಕು, ಉಳಿದದ್ದು ದೇವರಿಗೂ ವೈದ್ಯರಿಗೂ ಬಿಟ್ಟದ್ದು. ಒಮ್ಮೆ ಅಜ್ಜ ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡಾಗ ಅಜ್ಜಿ ನನ್ನ ಕೈಲಿ ಸೋಲಾಪುರದ ಅತ್ತೆಗೆ ಕಾಗದ ಬರೆಸಿದಳು: ‘ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ತಂದೆಯವರು ಈಗ ಹೆಚ್ಚು ತಿರುಗಾಡುವುದಿಲ್ಲ.’ ಇಂಥ ಶಾಲೆಯಲ್ಲಿ ಅಕ್ಷರ ಕಲಿತವನ ಕೈಗೆ ಇಷ್ಟು ರೋಗಗಳ ಪಟ್ಟಿ ಕೊಟ್ಟರೆ ಇನ್ನೇನಾದೀತು! ಬಿ.ಪಿ. ಮಾತ್ರೆಗಳನ್ನು ಲಕ್ಷಗಟ್ಟಲೆ ಡಬ್ಬಿ ತುಂಬಿಸಿ ದೇಶಕ್ಕೆಲ್ಲ ಕಳಿಸಿದವನು ನಾನು. ನನ್ನದೊಂದನ್ನು ಮಾತ್ರ ಒಪ್ಪಿಕೊಳ್ಳಲು ನಾಚಿಕೆ.

ಸುಮಿತ್ರಾ ಎದ್ದು ಅಡುಗೆಮನೆಗೆ ಹೋಗಿ ಹಳೇ ಒಗ್ಗರಣೆ ಡಬ್ಬಿ ತಂದು ವೀರಣ್ಣನವರ ಮುಂದೆ ತೆರೆದಿಟ್ಟಳು. ಸಾಸಿವೆ ಇರಬೇಕಾದಲ್ಲಿ ಬಿ.ಪಿ. ಮಾತ್ರೆ, ಜೀರಿಗೆಯ ಬಟ್ಟಲಲ್ಲಿ ಸಕ್ಕರೆ ಕಾಯಿಲೆ, ಮೆಂತ್ಯದ ಜಾಗದಲ್ಲಿ ಥೈರಾಯ್ಡು. “ಇವೆಲ್ಲಾ ಇವರವ ನೋಡ್ರಿ. ಬರಕೋರಿ,” ಅಂದಳು. ವೀರಣ್ಣ ಹೊಸ ಫಾರಂ ತೆಗೆದರು. ಈ ಸಲ ‘ಹೌದು’ಗಳು ಬಂದವು. ಅರಿವೆ ಬಿಚ್ಚಿ ಬಜಾರಿನಲ್ಲಿ ನಿಂತ ಹಾಗಾಯಿತು ನನಗೆ.

“ಈಗ ನಿಮ್ಮ ಪಾಳಿರಿ ವೈನಿ.”

“ನನಗೇನಾಗ್ಯದ? ನಾ ಆರಾಮ ಇದ್ದೀನಿ. ಎಲ್ಲಾ ಇಲ್ಲ ಅಂತ ಬರೀರಿ.”

“ಹಂಗ ಬರಿಯಾಕ ಬರಂಗಿಲ್ರಿ. ಓದ್ತೀನಿ, ಹೇಳ್ರಿ. ಸಕ್ಕರಿ?” ಇಲ್ಲ. “ಬಿ.ಪಿ.?” ಇಲ್ಲ. ಸೊಪ್ಪು ಸೋಸುವ ಕೈ ನಿಲ್ಲಲಿಲ್ಲ. “ಮೆಟ್ಲ ಹತ್ತುವಾಗ ದಮ್ಮು ಬರೂದು, ಎದಿ ಹಿಡದಂಗ ಆಗೂದು?”

ಕೈ ನಿಂತಿತು. “ಅದು ಯಾರಿಗೆ ಬರಂಗಿಲ್ಲ?” ಅಂದಳು ಮೆಲ್ಲಗೆ.

ನಮ್ಮದು ಮೂರನೇ ಮಹಡಿ, ಲಿಫ್ಟು ಇಲ್ಲ. ತರಕಾರಿ ತರಲು ಹೋದವಳು ಬರುವಾಗ ಎರಡನೇ ಮಹಡಿಯಲ್ಲಿ, ಲಕ್ಷ್ಮಿಗಾರು ಅವರ ಬಾಗಿಲಲ್ಲಿ, ಹತ್ತು ಹತ್ತು ನಿಮಿಷ ನಿಂತುಬಿಡುತ್ತಿದ್ದಳು. ನಾನು ಮೇಲಿನಿಂದ ಬಗ್ಗಿ, “ಏನ್ ಮಾತಾಡ್ತೀರಿ ದಿನಾ? ತೆಲುಗು ಖರ್ಚಾಗಿ ಹೋಗ್ತದ, ಬರ್ರಿ ಮ್ಯಾಲ!” ಎಂದು ಚೇಷ್ಟೆ ಮಾಡುತ್ತಿದ್ದೆ, ಬಂದವರ ಮುಂದೆಲ್ಲ ಇದನ್ನು ಹೇಳಿ ನಗಿಸುತ್ತಿದ್ದೆ. ಈಗ ಅವಳು ಸೊಪ್ಪಿನ ಕಡೆ ನೋಡುತ್ತಲೇ ವೀರಣ್ಣನವರಿಗೆ ಹೇಳಿದಳು: “ಲಕ್ಷ್ಮಿಗಾರು ಒಂದು ಖುರ್ಚಿ ಹಾಕಿ ಕೊಡ್ತಾರ್ರಿ. ಸುಧಾರಿಸಿಕೊಂಡು ಬರ್ತೀನಿ. ಆರು ತಿಂಗಳಾತು.”

ನನಗೆ ಹೇಳದ ಮಾತನ್ನು ಫಾರಮ್ಮಿಗೆ ಹೇಳಿದಳು. ಯಾಕೆಂದರೆ, ನಿಜ ಹೇಳಬೇಕೆಂದರೆ, ಆರು ತಿಂಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ, ಫಾರಂ ಕೇಳಿತ್ತು.

ವೀರಣ್ಣ ಪೆನ್ನಿಗೆ ಟೋಪಿ ಹಾಕಿದರು. “ಫಾರಂ ಆಮ್ಯಾಲೆ. ಮೊದ್ಲ ಡಾಕ್ಟರ್.” ಆಗ ನನ್ನ ಬುದ್ಧಿ ಯಾವ ಗಟಾರಕ್ಕೆ ಇಳಿಯಿತೋ, ಮುಚ್ಚಿಡುವುದಿಲ್ಲ. “ವೀರಣ್ಣಾರ, ಈಗ ಇಲ್ಲ ಅಂತ ಬರದು ಪಾಲಿಸಿ ತಗೊಂಡು, ನಾಕು ತಿಂಗಳ ಬಿಟ್ಟು ಡಾಕ್ಟರ್ ಕಡೆ ಹೋದ್ರ...?” ಎಂದೆ.

ಅವರು ನನ್ನನ್ನು ನೋಡಿದರು. “ಕಂಪನಿ ನಾಕು ತಿಂಗಳ ಕಾಯ್ತೈತ್ರಿ. ಅದಕ್ಕೇನು ಎದಿ ಐತೇನು, ನೋಯಾಕ? ವೈನಿ ಕಾಯಬೇಕಲ್ಲ?” ಫೈಲು ಮಡಚಿ, ಕೆಳಗೆ ಹೋಗಿ ತಾವೇ ಆಟೊ ನಿಲ್ಲಿಸಿದರು. ಆ ತಿಂಗಳು ಅವರಿಗೆ ಬೇರೆ ಗಿರಾಕಿ ಇರಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು.

ಡಾಕ್ಟರು ಪರೀಕ್ಷೆಗಳನ್ನು ಮಾಡಿಸಿ, ಹೃದಯದ ಒಂದು ರಕ್ತನಾಳ ಮುಕ್ಕಾಲು ಕಟ್ಟಿದೆ, ಇನ್ನು ತಡಮಾಡಿದ್ದರೆ ಕಷ್ಟವಿತ್ತು ಎಂದರು. ಆ ವಾರವೇ ಸ್ಟೆಂಟು ಹಾಕಿದರು. ಹಳೇ ಕಂಪನಿಯ ಚಾದರವೇ ಹೇಗೋ ಸಾಲಿತು. ಕಾಲು ಸ್ವಲ್ಪ ಹೊರಗೆ ಬಂದಿತ್ತು, ಅಷ್ಟನ್ನು ನಾವು ಕೈಯಿಂದ ಹಾಕಿ ಮುಚ್ಚಿದೆವು. ಆಮೇಲೆ ಎಲ್ಲವನ್ನೂ ‘ಹೌದು’ ಎಂದೇ ಬರೆದು ಟಾಪ್-ಅಪ್ಪಿಗೆ ಕೊಟ್ಟೆವು. ವಿಮಾ ಕಂಪನಿಯವರು ಕಂತು ಹೆಚ್ಚಿಸಿ, ಹಳೇ ರೋಗಗಳಿಗೆ ಮೂರು ವರ್ಷ ತಡೆಯಿರಿ ಎಂದು ಷರತ್ತು ಹಾಕಿ ಒಪ್ಪಿದರು. ಸಂತೋಷದಿಂದ ಸಹಿ ಮಾಡಿದೆ. ಮೂರು ವರ್ಷ ಇಬ್ಬರೂ ಇರುತ್ತೇವೆಂದು ಒಂದು ಕಂಪನಿಯೇ ಲೆಕ್ಕ ಹಿಡಿದಿದೆಯಲ್ಲ!

ವೀರಣ್ಣ ಪಾಲಿಸಿ ಕಾಗದ ಕೊಡಲು ಬಂದ ದಿನ ಸುಮಿತ್ರಾ ಚಹಾ ಕೊಟ್ಟು ಕೇಳಿದಳು: “ವೀರಣ್ಣಾರ, ನೀವು ಯಾವಾಗ ತೋರಿಸಿದ್ರಿ ಡಾಕ್ಟರಿಗೆ?” ಅವರು ಚಹಾದ ಕಪ್ಪು ನೋಡಿದರು, ಸೂರು ನೋಡಿದರು.

ಮುಂದಿನ ಸೋಮವಾರ ನಾನು ಅವರನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನರ್ಸಮ್ಮ ಹೊರಗೆ ಬಂದು, ನಮ್ಮಿಬ್ಬರನ್ನೂ ಒಮ್ಮೆ ನೋಡಿ, “ಪೇಷೆಂಟ್ ಮೀರೇ ಕದಾ ಸಾರ್?” ಎಂದು, ರೋಗಿ ನಾನೇ ಎಂದು ತೀರ್ಮಾನಿಸಿ, ನೇರವಾಗಿ ನನ್ನ ತೋಳಿಗೇ ಬಿ.ಪಿ. ಪಟ್ಟಿ ಕಟ್ಟಿದಳು. ಅಲ್ಲ ಎನ್ನುವುದರೊಳಗೆ ಯಂತ್ರ ಕುಂಯ್ ಎಂದಿತು. ವೀರಣ್ಣನವರನ್ನು ಅರ್ಧ ಗಂಟೆಯಲ್ಲಿ ನೋಡಿ, ಏನೂ ತೊಂದರೆಯಿಲ್ಲ ಎಂದು ಕಳಿಸಿದರು. ನನ್ನನ್ನು, ಬಿ.ಪಿ. ಬಹಳ ಏರಿದೆಯೆಂದು, ಸಂಜೆಯವರೆಗೆ ಮಲಗಿಸಿಕೊಂಡರು.