ನಾಳಿದ್ದಿಗೊಂದು ಲ್ಯಾಟಿನ್ ಕ್ರಿಯಾಪದ

ಒಂದೇ ಸಲ ಹೋಗಿ ಕಚೇರಿ ಕೆಲಸ ಮುಗಿಸಿಕೊಂಡು ಬಂದವರನ್ನು ನಮ್ಮ ಕಡೆ ನಾನಿನ್ನೂ ನೋಡಿಲ್ಲ. ನನ್ನದೂ ಹಾಗೇ ಆಯಿತು. ಬಿ.ಎಸ್ಸಿ. ಮುಗಿಸಿ ಬಿ.ಎಡ್.ಗೆ ಅರ್ಜಿ ಹಾಕಿದ್ದೆ. ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೆ ಪ್ರಮಾಣಪತ್ರ ಬೇಕಿತ್ತು. ಹೆಡ್‌ಮಾಸ್ಟರ ಸಹಿ ಆಗಿತ್ತು. ತಾಲ್ಲೂಕಿನ ಶಿಕ್ಷಣಾಧಿಕಾರಿ ಸಾಹೇಬರ ಮೇಲುಸಹಿ ಬಾಕಿ. ಅದಿಲ್ಲದಿದ್ದರೆ ಸೀಟೂ ಇಲ್ಲ.

೧

ಹೊಣಕೆರೆಯಿಂದ ಬಸ್ಸು ಹತ್ತಿ ಸಾಹೇಬರ ಕಚೇರಿಗೆ ಹೋದೆ. ಗುಮಾಸ್ತರು ಕಾಗದ ತೆಗೆದುಕೊಂಡು, ತಲೆ ಎತ್ತದೆ, "ನಾಳಿದ್ದು ಬನ್ನಿ" ಎಂದರು.

ನಾಳಿದ್ದು ಹತ್ತೂವರೆಗೆ ಸರಿಯಾಗಿ ಹೋಗಿ ನಿಂತೆ. ಅವರಿಗೇ ಗಾಬರಿ.

"ಬಂದೇಬುಟ್ರಾ? ನಾಳಿದ್ದು ಬನ್ನಿ."

ಬೆಂಚಿನ ಮೇಲಿದ್ದ ಮುದುಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ನಾಳಿದ್ದು ಅಂದ್ರೆ ನಾಳಿದ್ದೇ ಬಂದ್ಬುಡೋದೇನ್ಲಾ ಮಗ? ನಂಗೆ ಯುಗಾದಿಲಿ ಯೋಳಿದ್ ನಾಳಿದ್ದು ಕಣ್ಲಾ ಇದು."

ಅದು ಆಯುಧಪೂಜೆಯ ವಾರ.

೨

ಮೂರನೇ ಸಲವೂ ಅದೇ ಮಾತು. ವಾಪಸು ಬರುವಾಗ ಬಸ್ಸಿನಲ್ಲಿ ಫೋನಿನ ನಿಘಂಟು ತೆಗೆದೆ. ಕೆಲಸವನ್ನು ನಾಳೆಗೆ ತಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಪ್ರೊಕ್ರಾಸ್ಟಿನೇಟ್. ಹಳೇ ರೋಮಿನವರ ಲ್ಯಾಟಿನಿನಲ್ಲಿ 'ಕ್ರಾಸ್' ಅಂದರೆ ನಾಳೆ. ಅದರ ಕೆಳಗೆ ಇನ್ನೊಂದು ಸಿಕ್ಕಿತು: ಪೆರೆಂಡಿನೇಟ್. 'ಪೆರೆಂಡಿಯೆ' ಅಂದರೆ ನಾಳಿದ್ದು. ನಾಳಿದ್ದಿಗೆ ತಳ್ಳುವುದಕ್ಕೆಂದೇ ಒಂದು ಕ್ರಿಯಾಪದ.

ಮನೆಗೆ ಬಂದು ಅವ್ವನಿಗೆ ವಿವರಿಸಿದೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ಪಾಪ, ಆ ರೋಮಿನೋರ್ಗೂ ಇದೇ ಆಫೀಸಾ?"

೩

ನಾಲ್ಕನೇ ಸಲ ಹೋದದ್ದು ಪ್ರಮಾಣಪತ್ರ ಒಪ್ಪಿಸಬೇಕಾದ ಕೊನೆಯ ದಿನ. ಸಾಕಾಗಿಹೋಗಿತ್ತು. "ಸಾರ್, ನೀವು ಮಾಡ್ತಿರೋದಕ್ಕೆ ಇಂಗ್ಲಿಷಲ್ಲಿ ಪೆರೆಂಡಿನೇಟ್ ಅಂತಾರೆ" ಎಂದೆ.

ಬೈಯಬಹುದು ಅಂದುಕೊಂಡಿದ್ದೆ. ಅವರ ಮುಖ ಅರಳಿತು. "ಚೀಟೀಲಿ ಬರ್ಕೊಡಿ ಮತ್ತೆ."

ಸಾಹೇಬರು ಹೊಸಬರು. ಪ್ರತಿ ಕಾಗದದ ಮೇಲೂ ಏನು ಕ್ರಮ ತೆಗೆದುಕೊಂಡಿದ್ದೀರಿ ಅಂತ ಬರೆಯಬೇಕು ಎಂದಿದ್ದರಂತೆ. ಏನು ಬರೆಯುವುದೆಂದು ಗುಮಾಸ್ತರಿಗೆ ತೋಚಿರಲಿಲ್ಲ. ಈಗ ನನ್ನ ಕಾಗದದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆದರು: 'ಕೈಗೊಂಡ ಕ್ರಮ: ಪೆರೆಂಡಿನೇಟ್ ಮಾಡಲಾಗಿದೆ.' ಫೈಲಿನ ಕಟ್ಟು ಹೊತ್ತು ಒಳಗೆ ಹೋದರು. ನಾನು ಬಾಗಿಲಲ್ಲಿ ನಿಂತೆ.

ಸಾಹೇಬರು ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ಒರೆಸಿಕೊಂಡರು. ಕೈಕೆಳಗಿನವರನ್ನು ಅರ್ಥ ಕೇಳುವುದುಂಟೇ?

"ಇದನ್ನ ಸರಿಯಾಗಿ ಮಾಡಿದ್ದೀರಿ ತಾನೆ?"

"ಮೂರು ಸಲ ಮಾಡಿವ್ನಿ ಸಾರ್."

ಸಾಹೇಬರು ಸಮಾಧಾನದಿಂದ ತಲೆಯಾಡಿಸಿ ಸಹಿ ಹಾಕಿಯೇಬಿಟ್ಟರು. ಆಮೇಲೆ ಮೇಜಿನ ಮೇಲಿದ್ದ ಕಟ್ಟಿನ ಕಡೆ ಪೆನ್ನು ತೋರಿಸಿ, "ಉಳಿದವರದ್ದೂ ಹೀಗೇ ಮಾಡ್ಬೇಕು, ಗೊತ್ತಾಯ್ತಾ?" ಎಂದರು.

ಗುಮಾಸ್ತರು ವಿನಯದಿಂದ ಕೈಕಟ್ಟಿಕೊಂಡರು.

"ಅವೆಲ್ಲಾ ಆಗ್ಲೇ ಮಾಡಿ ಮಡಗಿವ್ನಿ ಸಾರ್."