ಅತ್ತೆಯ ಗೋಲದೀಪಕ್ಕೆ ಎಷ್ಟು ನಿಟ್?

ಹೆಬ್ಬಗೋಡಿಯ ಮೂರನೇ ಮಹಡಿಯ ಮನೆಯಲ್ಲಿ ಮೇಘಾಗೆ ಆ ವಾರ ಹತ್ತಿಕೊಂಡ ಚಿಂತೆ ಇದು: ಮಗಳು ರಾಣಿ ಮಲಗುವ ಮುನ್ನ ಎವೆಯಿಕ್ಕದೆ ನೋಡುವ ಗೋಲದೀಪ ಕೂಸಿನ ಕಣ್ಣು ಕೆಡಿಸುತ್ತಿದೆಯೇ? (ಹಿಂದಿನ ವಾರದ್ದು, ಕೂಸಿನ ಎಡಗಿವಿ ಬಲಗಿವಿಗಿಂತ ದೊಡ್ಡದೇ ಎಂಬ ಚಿಂತೆ. ಸ್ಕೇಲು ಹಿಡಿದು ಅಳೆದ ಮೇಲೆ ಅದು ಬಗೆಹರಿದಿತ್ತು.)

ದೀಪ ಅತ್ತೆ ಶಿವಲಿಂಗಮ್ಮನವರ ಕೈಚಳಕ. ಕೊಟ್ಟೂರಿನ ಕಡೆ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಅವರು, ಹಳೇ ಹಾಲುಗಾಜಿನ ಗೋಲಕ್ಕೆ ತಾವೇ ವೈರು ಎಳೆದು ಮೊಮ್ಮಗಳಿಗೊಬ್ಬ ಚಂದ್ರನನ್ನು ಮಾಡಿಕೊಟ್ಟಿದ್ದರು. ಮೇಘಾಗೆ ಅವರ ಮೇಲೆ ಬೆಟ್ಟದಷ್ಟು ಮೆಚ್ಚುಗೆ, ಬೆಟ್ಟದ ತುದಿಯಲ್ಲಿ ನಿಂತಷ್ಟು ಭಯ. ‘ಅಡುಗೆ ಆಯ್ತಾ ಅತ್ತೆ?’ ಎಂದರೆ, ‘ಕುಕ್ಕರಿನ್ಯಾಗ ಬ್ಯಾಳಿ ಯಾಕ ಲಗೂನ ಬೇಯ್ತದ, ಹೇಳು ನೋಡೋಣ’ ಎನ್ನುವವರು. ಹಾಗಾಗಿ ಮದುವೆಯಾದಾಗಿನಿಂದ ಅವಳು ತಾನಾಗಿ ಅವರಿಗೆ ಫೋನ್ ಮಾಡಿದವಳೇ ಅಲ್ಲ. ಗಂಡ ವಿಡಿಯೋ ಕಾಲ್ ಮಾಡಿದಾಗ ಅವನ ಬೆನ್ನ ಹಿಂದಿನಿಂದ ಕೈಬೀಸುತ್ತಿದ್ದಳು.

ಯಾರೋ ತಾಯಿಯೊಬ್ಬಳ ಬ್ಲಾಗು, ‘ಮಲಗುವ ಕೋಣೆಯ ದೀಪದ ಹೊಳಪು ನೂರೈವತ್ತು ನಿಟ್ ದಾಟಕೂಡದು’ ಎಂದು ಅಪ್ಪಣೆ ಹೊರಡಿಸಿತ್ತು. ಸರಿ, ಅಳೆಯಬೇಕು. ಬೊಮ್ಮಸಂದ್ರದ ಬಲ್ಬಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಡ ಕೊಟ್ರೇಶ್, ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ ಮೀಟರೊಂದನ್ನು ಶನಿವಾರ ಕೇಳಿ ತಂದ. ಮರುದಿನ ಗೋಲಕ್ಕೆ ಹಿಡಿದರೆ ಮುಳ್ಳು ಮೂವತ್ತರಲ್ಲಿ ನಿಂತಿತು.

“ಮೂವತ್ತೇ! ಬಚಾವ್,” ಎಂದಳು ಮೇಘಾ.

“ತಡಿ, ಇದು ನಿಟ್ ಅಲ್ಲ ಕಣೇ, ಫುಟ್-ಲ್ಯಾಂಬರ್ಟ್. ನಮ್ಮಪ್ಪನ ಕಾಲದ್ದು.”

ಮೀಟರಿನ ಮುಚ್ಚಳದೊಳಗೆ ಅಂಟಿಸಿದ್ದ ಪಟ್ಟಿಯಲ್ಲಿ ಹಳೇ ಅಳತೆಗಳ ಒಂದು ತುಂಬು ಕುಟುಂಬವೇ ವಾಸವಾಗಿತ್ತು. ಸ್ಟಿಲ್ಬ್ ಎಂಬ ಯಜಮಾನರು ಒಬ್ಬರೇ ಹತ್ತು ಸಾವಿರ ನಿಟ್ ತೂಗುತ್ತಿದ್ದರು. ಅದೇ ಮನೆತನದ ಅಪೋಸ್ಟಿಲ್ಬ್ ಒಂದು ನಿಟ್‌ನ ಮೂರನೇ ಒಂದು ಪಾಲಿಗೂ ಸಾಲದ ಬಡಪಾಯಿ. ಒಂದು ಫುಟ್-ಲ್ಯಾಂಬರ್ಟ್‌ಗೆ ಹತ್ತೂಮುಕ್ಕಾಲು ಅಪೋಸ್ಟಿಲ್ಬ್, ಅಲ್ಲಿಂದ ನಿಟ್‌ಗೆ ಹೋಗಬೇಕಾದರೆ ನಡುವೆ ಪೈ ಮಹಾಶಯರು. ಫೋನನ್ನು ಕೇಳಿದ್ದರೆ ಅದೇ ಹೇಳುತ್ತಿತ್ತು. ಆದರೆ ಕೂಸಿನ ಕಣ್ಣಿನ ವಿಷಯ, ಕೈಯಾರೆ ಲೆಕ್ಕ ಮಾಡಿದರೇ ಅವಳಿಗೆ ಸಮಾಧಾನ.

“ಮುನ್ನೂರಿಪ್ಪತ್ಮೂರು ಅಪೋಸ್ಟಿಲ್ಬ್. ಈಗ ಪೈ. ಗುಣಿಸ್ಬೇಕಾ, ಭಾಗಿಸ್ಬೇಕಾ?”

“ಭಾಗಿಸ್ಬೇಕು ಅನ್ಸುತ್ತೆ...”

“ಅನ್ಸುತ್ತೆ ಅಂದ್ರೆ? ಮಗು ವಿಷ್ಯದಲ್ಲಿ ಅನ್ಸುತ್ತೆ ಅಂತೀರಲ್ಲ! ಗುಣಿಸೇಬಿಡ್ತೀನಿ. ಹೆದರೋದಾದ್ರೆ ಸ್ವಲ್ಪ ಜಾಸ್ತೀನೇ ಹೆದರೋಣ.”

ಬಂದ ಉತ್ತರ: ಸಾವಿರದ ಹದಿನಾಲ್ಕು. ಮಗಳು ಇಷ್ಟು ದಿನ ಮಲಗಿದ್ದು ಸರ್ಚ್‌ಲೈಟಿನ ಕೆಳಗೆ! ಚಂದ್ರ ತಕ್ಷಣ ಟವೆಲಿನಲ್ಲಿ ಸುತ್ತಿಕೊಂಡು ಅಟ್ಟ ಸೇರಿದ.

ರಾಣಿಗೆ ಈ ಗಣಿತ ಒಪ್ಪಿಗೆಯಾಗಲಿಲ್ಲ. ಭಾನುವಾರ ಸಂಜೆ ಮಲಗಿಸಿದೊಡನೆ ದೀಪವಿದ್ದ ಮೂಲೆಗೆ ಕೈಚಾಚಿ ಶುರುಮಾಡಿದ ಅಳು, ಹೊಸೂರು ರಸ್ತೆಯ ಲಾರಿಗಳ ಹಾರ್ನನ್ನೇ ಅಡಗಿಸಿತು. ಕೆಳಗಿನ ಮನೆಯ ಓನರಮ್ಮ ಕೃಷ್ಣಮ್ಮ ಮೆಟ್ಟಿಲು ಹತ್ತಿ ಬಂದರು.

“ಏನವ್ವಾ, ಕೂಸ್ನ ಇಂಗೆ ಅಳುಸ್ತಿದ್ದೀಯಾ?”

“ದೀಪ ಬೇಕಂತೆ ಆಂಟಿ. ಕೊಡೋ ಹಾಗಿಲ್ಲ, ಸಾವಿರ ನಿಟ್ ಇದೆ.”

“ಅಯ್ಯೋ! ಸಾವ್ರನಾ? ಕಚ್ತದಾ?”

ಅತ್ತು ಅತ್ತು ಮಗುವಿನ ಮುಖ ಟೊಮೇಟೊ ಆಯಿತು. ದೀಪ ತಂದರೆ ಕಣ್ಣು ಹೋದೀತು, ತರದಿದ್ದರೆ ನಿದ್ದೆ ಹೋದೀತು. ಇದನ್ನು ಬಿಡಿಸಬಲ್ಲವರು ಭೂಮಂಡಲದಲ್ಲಿ ಒಬ್ಬರೇ. ಕೊಟ್ರೇಶ್ ಫೋನನ್ನು ಅವಳತ್ತ ಚಾಚಿ, “ನೀನೇ ಮಾಡು. ನಾನು ಅವ್ವನ ಹತ್ರ ಹತ್ತನೇ ಕ್ಲಾಸು ಓದಿದೋನು,” ಎಂದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ.

ಮೇಘಾ ನಂಬರು ಒತ್ತಿದಳು.

“ಅತ್ತೆ... ನಾನು ಮೇಘಾ. ಒಂದು ಲೆಕ್ಕ...”

“ಲೆಕ್ಕನ?” ಆ ಕಡೆಯ ದನಿ ಅರಳಿತು. “ಹೇಳವ್ವ, ಹೇಳು.”

“ದೀಪ ಅಳೆದ್ವಿ. ಮೂವತ್ತು ಫುಟ್-ಲ್ಯಾಂಬರ್ಟ್. ನಿಟ್‌ಗೆ ತಂದ್ರೆ ಸಾವಿರದ ಹದಿನಾಲ್ಕು ಬರ್ತಿದೆ.”

ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪೆನ್ನಿಲ್ಲ, ಹಾಳೆಯಿಲ್ಲ.

“ಪೈ ತಗೊಂಡು ಗುಣಿಸಿದಿ. ಭಾಗಿಸಬೇಕಿತ್ತು. ನೂರಾ ಮೂರು ಅದ. ಹಚ್ಚು ದೀಪ, ನನ್ನ ಕೂಸು ಅಳಾಕತ್ತೈತಿ.”

ಬರೀ ತಪ್ಪು ಉತ್ತರ ಕೇಳಿ ತಪ್ಪಿದ ಮೆಟ್ಟಿಲನ್ನೇ ತೋರಿಸಿಬಿಟ್ಟರಲ್ಲ! ಆನಂದದಿಂದ ಮೇಘಾಳ ಕಣ್ಣು ತುಂಬಿದವು. ಅಟ್ಟದಿಂದಿಳಿದ ಚಂದ್ರ ಬೆಳಗಿದ. ರಾಣಿ ಬಿಕ್ಕುತ್ತಲೇ ನಕ್ಕು ಕಣ್ಣುಮುಚ್ಚಿದಳು.

“ಅತ್ತೆ, ನಿಮ್ಮಂಥೋರು ಇಲ್ಲ!” ಎಂದಳು ಉಬ್ಬಿದ ಎದೆಯಿಂದ. “ಇದನ್ನೆಲ್ಲಾ ನಿಮ್ಮ ಹತ್ರ ಕಲೀಬೇಕಿತ್ತು.”

(ಆಡಿದ ಮಾತು. ಇನ್ನು ವಾಪಸ್ಸು ತೆಗೆದುಕೊಳ್ಳುವಂತಿಲ್ಲ.)

“ಬೇಕಿತ್ತು ಯಾಕ? ನಾಳಿಂದ ದಿನಾ ಸಂಜಿ ಆರಕ್ಕ ಫೋನ್ ಹಚ್ಚು. ಮೊದಲು ಸ್ಟಿಲ್ಬ್, ಆಮ್ಯಾಲೆ ಲ್ಯಾಂಬರ್ಟ್, ಶನಿವಾರ ಪರೀಕ್ಷಾ. ಬಚ್ಚಲದಾಗ ಕುಂತಾನಲ್ಲ, ಅವನ್ನೂ ಕರಕೊಂಡು ಬಾ.”

ಮೇಘಾ ತನಗರಿವಿಲ್ಲದೆ ಎದ್ದು ನಿಂತು, ಕೈಕಟ್ಟಿ ಹೇಳಿದಳು:

“ಆಯ್ತು, ಮಿಸ್.”