ಇನ್ನೂರು ಅಧ್ಯಾಯ ತಾಳ್ಕೋ ಮಾರಾಯ

ಕಾಗದನಗರದಲ್ಲಿರುವ ನನ್ನ ಸೋದರತ್ತೆಯ ಕೈಗೆ ಸಿಕ್ಕೂ, ಒಂದು ಕತೆಯ ಲಿಂಕ್ ಇಲ್ಲದೆ ಪಾರಾದವರು ಭದ್ರಾವತಿಯಲ್ಲಿ ಯಾರಾದರೂ ಇದ್ದರೆ ತೋರಿಸಿ, ಅವರಿಗೆ ನಾನೇ ಶಾಲು ಹೊದಿಸುತ್ತೇನೆ!

ಕತೆ ಎಂದರೆ ಮೂರು ಪುಟದಲ್ಲಿ ಮುಗಿಯುವಂಥದ್ದಲ್ಲ. ಮೊಬೈಲಿನಲ್ಲಿ ದಿನಕ್ಕೊಂದು ಅಧ್ಯಾಯ ಬರುವ ಧಾರಾವಾಹಿ. ಮಂತ್ರವಿದ್ಯೆಯ ಗುರುಕುಲದಲ್ಲಿ ಪಾತ್ರೆ ತೊಳೆಯುವವನೊಬ್ಬ ಶಕ್ತಿ ಗಳಿಸುತ್ತಾ ಒಂದೊಂದೇ ಹಂತ ಮೇಲೇರುತ್ತಾನೆ. ನಡುವೆ ಒಂದು ಕೊಲೆಯ ಪತ್ತೇದಾರಿ, ಒಂದು ಆಕಾಶನೌಕೆ, ಸಾಕುಬೇಕಾಗುವಷ್ಟು ಅಡುಗೆ. ಇದು ಯಾವ ಬಗೆಯ ಕತೆ ಎಂದು ಕೇಳಿದರೆ ಅತ್ತೆಗೆ ಸಿಟ್ಟು. "ಬಿಸಿಬೇಳೆಬಾತು ಅನ್ನವೋ ಸಾರೋ ಅಂತ ಕೇಳ್ತೀಯೇನೋ? ಸುಮ್ನೆ ತಿನ್ನು! ಮೊದಲ ಇನ್ನೂರು ಅಧ್ಯಾಯ ಸ್ವಲ್ಪ ನಿಧಾನ. ತಾಳ್ಕೋ ಮಾರಾಯ, ಆಮೇಲೆ ನೋಡು!"

ಇನ್ನೂರು ಅಧ್ಯಾಯ ತಾಳುವ ಶಕ್ತಿ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಪಿಎಚ್.ಡಿ. ಮುಗಿಸಿರುತ್ತಿದ್ದೆ.

ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರನ್ನೂ ಬಿಡಲಿಲ್ಲ. ಮಂಗಳಾರತಿ ತಟ್ಟೆ ಕೆಳಗಿಡುವ ಮೊದಲೇ ಲಿಂಕ್ ಹೋಯಿತು. ಪಾಪ, ಅವರು ಮರ್ಯಾದೆಗೆಂದು ಒಂದು ತಿಂಗಳು ಓದಿ ಫೋನ್ ಮಾಡಿದರು. "ಅಮ್ಮಾ, ಕೊನೆಗೆ ಏನಾಗತ್ತೆ ಹೇಳ್ಬಿಡಿ, ನನಗೀಗ ಮದುವೆ ಸೀಸನ್ನು."

"ಕೊನೆ ಎಲ್ಲಿಂದ ತರ್ಲಿ ಭಟ್ರೇ? ಇನ್ನೂ ಬರೀತಾನೇ ಇದಾರೆ!"

ಆಮೇಲೆ ಭಟ್ಟರು ಆ ಬೀದಿಗೇ ಬರುವುದನ್ನು ಬಿಟ್ಟರು.

ಓದು ತಲೆಗೇರಿ ಕಂಡವರಿಗೆಲ್ಲ ಹಂತ ಕೊಡುವುದೂ ಶುರುವಾಯಿತು. ಹೊಸಮನೆಯ ನಮ್ಮ ಮನೆಗೆ ಊಟಕ್ಕೆ ಬಂದಾಗ ನನ್ನ ಹೆಂಡತಿಯ ಸಾರನ್ನು ಎರಡು ಸಲ ಹಾಕಿಸಿಕೊಂಡು, "ಚೆನ್ನಾಗಿದೆ ಮಾರಾಯ್ತಿ, ಆದ್ರೆ ಮೂರನೇ ಹಂತದಲ್ಲೇ ಸಿಕ್ಕಾಕ್ಕೊಂಡಿದೆ" ಎಂದರು. ಅತ್ತೆಯೇನೋ ಬಸ್ಸು ಹತ್ತಿ ಹೋದರು. ಮನೆಯಲ್ಲಿ ಉಳಿದವನು ಯಾರು? ಒಂದು ವಾರ ನನಗೆ ಸಾರೇ ಇಲ್ಲ!

ಇದೆಲ್ಲ ಯಾಕೆ ಎಂದು ಒಮ್ಮೆ ಬೇಸತ್ತು ಕೇಳಿದ್ದೆ. ಕಾಗದದ ಕಾರ್ಖಾನೆಯಲ್ಲಿದ್ದ ಮಾವ ಬದುಕಿದ್ದಾಗ ಇಬ್ಬರೂ ವಾರಪತ್ರಿಕೆಯ ಧಾರಾವಾಹಿ ಓದಿ, ಮುಂದಿನ ವಾರ ಏನಾಗುತ್ತದೆಂದು ಜಗಳವಾಡುತ್ತಿದ್ದರಂತೆ. "ಓದೋಕೆ ನಾನೊಬ್ಳೇ ಸಾಕು ಕಣೋ. ಜಗಳ ಆಡೋಕೆ ಇನ್ನೊಬ್ರು ಬೇಕಲ್ಲ. ಮಗ ಸೊಸೆಗೆ ಪುರುಸೊತ್ತಿಲ್ಲ. ನೀನಾದ್ರೂ ಓದ್ತೀಯ ಅಂತ ಆಸೆ."

ಆ ಆಸೆಗೆ ನಾನು ಮಾಡಿದ್ದೇನು? ಸುಳ್ಳು ಹೇಳಿದೆ. ಪ್ರತಿ ಭಾನುವಾರ ಫೋನ್: "ಎಲ್ಲಿಗೆ ಬಂದೆ?" ನನ್ನಿಂದ ಬಾಯಿಗೆ ಬಂದ ಸಂಖ್ಯೆ. ಹೀಗೆ ಒಂದು ಸಾಲೂ ಓದದೆ ಇನ್ನೂರ ಹತ್ತು ದಾಟಿದೆ.

"ಹಾಗಾದ್ರೆ ಸೇತುವೆ ಅಧ್ಯಾಯ ಮುಗೀತು! ಹೇಗನ್ನಿಸ್ತು?"

"ಅಯ್ಯೋ ಅತ್ತೆ, ಸಂಕಟ ಆಗೋಯ್ತು. ಹಾಗಾಗಬಾರದಿತ್ತು."

"ಅಲ್ಲಿ ಅವನ ಮದುವೆ ಕಣೋ!"

ಅತ್ತೆ ಆಮೇಲೆ "ಊಟ ಆಯ್ತಾ?" ಎಂದಷ್ಟೇ ಕೇಳಿ ಫೋನಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಭಾನುವಾರ ಫೋನ್ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಪೀಡೆ ತೊಲಗಿತು ಎಂದು ಹಾಯಾಗಿರಬೇಕಾದವನು ಫೋನನ್ನೇ ನೋಡುತ್ತಾ ಕೂತೆ.

ಮೊನ್ನೆ ಸವಳಂಗ ರಸ್ತೆಯಲ್ಲಿ ಸ್ಕೂಟರು ರಿಪೇರಿಗೆ ಬಿಟ್ಟು ಕಾಯುವಾಗ ಆ ಲಿಂಕ್ ಒತ್ತಿದೆ. ಮೊದಲ ಅಧ್ಯಾಯದ ಕೆಳಗೆ, ಓದುಗರು ಅಭಿಪ್ರಾಯ ಬರೆಯುವ ಜಾಗದಲ್ಲಿ ಅತ್ತೆಯ ಹೆಸರು! "ನನ್ನ ಅಣ್ಣನ ಮಗನಿಗೂ ಕಳಿಸಿದ್ದೇನೆ. ಅವನು ಹಿಂದೆ ಬರುತ್ತಿದ್ದಾನೆ. ಯಾರೂ ಮುಂದಿನ ಕತೆ ಹೇಳಬೇಡಿ." ಓದುತ್ತಾ ಹೋದೆ. ಏಳನೆಯದರ ಕೆಳಗೆ, "ಇಲ್ಲಿ ಅವನಿಗೆ ನಗು ಬರುತ್ತದೆ." ಬಂದಿತ್ತು, ಮೆಕ್ಯಾನಿಕ್ ತಿರುಗಿ ನೋಡುವಷ್ಟು. ತಡೆಯಲಾಗದೆ ನೇರವಾಗಿ ಸೇತುವೆಯ ಅಧ್ಯಾಯಕ್ಕೆ ಹಾರಿ ಕೆಳಗೆ ನೋಡಿದೆ. ನನ್ನ ಸುಳ್ಳು ಸಿಕ್ಕಿಬಿದ್ದ ಮರುದಿನ ಬರೆದದ್ದು: "ಅವನು ಇನ್ನೂ ಇಲ್ಲಿಗೆ ಬಂದಿಲ್ಲ. ಕೆಲಸ ಜಾಸ್ತಿ, ಪಾಪ. ನಿಧಾನಕ್ಕೆ ಬರುತ್ತಾನೆ."

"ಗಾಡಿ ರೆಡಿ ಸಾರ್" ಎಂದು ಮೆಕ್ಯಾನಿಕ್ ಕರೆದ. ನನಗೆ ನಾಚಿಕೆಯಾಗಿತ್ತು. ಹಿಂದಕ್ಕೆ ಬಂದು, ಎಂಟನೇ ಅಧ್ಯಾಯವನ್ನು ಅಲ್ಲೇ ನಿಂತು ಪೂರ್ತಿ ಓದಿ ಫೋನ್ ಮಾಡಿದೆ.

"ಅತ್ತೆ, ನಾನೀಗ ಎಂಟನೇ ಅಧ್ಯಾಯ. ಕೊಲೆ ಮಾಡಿದ್ದು ಆ ಅಡುಗೆಯವನೇ. ಬರೆದಿಟ್ಕೊಳ್ಳಿ."

ಆ ಕಡೆ ಮೂಗೆಳೆದ ಸದ್ದು. ಆಮೇಲೆ ಗುಡುಗು.

"ಅವನ್ಯಾಕೆ ಮಾಡ್ತಾನೋ? ಬುದ್ಧಿ ಇದೆಯೇನೋ ನಿಂಗೆ?"

ಅರ್ಧ ಗಂಟೆ ಜಗಳವಾಡಿದೆವು.